ಪೋಕರ್‌: ಕಾಲ್ ಮಾಡುವುದೋ, ಎಲೆ ಬಿಡುವುದೋ?

ಪೋಕರ್‌ನ ಒಂದು ಬಗೆ ಟೆಕ್ಸಾಸ್ ಹೋಲ್ಡೆಮ್: ಕೈಯಲ್ಲಿ ಎರಡು ಎಲೆ, ಟೇಬಲ್ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಇದನ್ನು ಆಡುವವರಿಗೆ ಈ ಸಂಕಟ ಹೊಸದಲ್ಲ. ಕೈಯಲ್ಲಿ ಎರಡು ಆಟೀನ್, ಟೇಬಲ್ ಮೇಲೆ ಬಿದ್ದ ನಾಲ್ಕು ಎಲೆಗಳಲ್ಲಿ ಇನ್ನೆರಡು ಆಟೀನ್. ಕೊನೆಗೆ ಇನ್ನೊಂದು ಆಟೀನ್ ಬಂದರೆ ಫ್ಲಷ್, ಅಂದರೆ ಒಂದೇ ಜಾತಿಯ ಐದು ಎಲೆ. ಅದು ಬಾರದೆ ಗೆಲ್ಲುವ ದಾರಿ ಇಲ್ಲ. ಪಾಟ್‌ನಲ್ಲಿ, ಅಂದರೆ ಗೆದ್ದವರಿಗೆ ಸೇರುವ ಒಟ್ಟು ಪಣದಲ್ಲಿ, 300 ಚಿಪ್ಸ್ ಇದೆ, ಎದುರಾಳಿ 150 ಬೆಟ್ ಮಾಡುತ್ತಾನೆ. ‘ಇಷ್ಟು ದೂರ ಬಂದಾಯ್ತು, ನೋಡೇ ಬಿಡೋಣ’ ಅನ್ನುತ್ತದೆ ಮನಸ್ಸು. ಕಾಲ್ ಮಾಡುವ, ಅಂದರೆ ಅವನಷ್ಟೇ ಚಿಪ್ಸ್ ಹಾಕುವ ಮುಂಚೆ ಹೀಗೆ ಯೋಚಿಸಿ.

1. ಲೆಕ್ಕ ಮೊದಲು, ಆಸೆ ಆಮೇಲೆ. ನೀವು 150 ಹಾಕಿದರೆ ಪಾಟ್ 600 ಆಗುತ್ತದೆ. ನಾಲ್ಕರಲ್ಲಿ ಒಂದು ಸಲ, ಅಂದರೆ ಶೇ 25ರಷ್ಟು ಗೆದ್ದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಈಗ ಎಲೆ ಎಣಿಸಿ. 52ರಲ್ಲಿ ನೀವು ಕಂಡಿರುವುದು 6, ಉಳಿದದ್ದು 46. ಅದರಲ್ಲಿ ಆಟೀನ್ 9. ಇದು ಶೇ 20ಕ್ಕಿಂತ ತುಸು ಕಡಿಮೆ. ಆದ್ದರಿಂದ ಫೋಲ್ಡ್, ಅಂದರೆ ಎಲೆ ಬಿಡಿ. ಅವನು 50 ಮಾತ್ರ ಬೆಟ್ ಮಾಡಿದ್ದರೆ ಶೇ 12.5 ಸಾಕಿತ್ತು, ಆಗ ಕಾಲ್ ಮಾಡಬಹುದಿತ್ತು. ಎಲೆಗಳು ಅವೇ, ಉತ್ತರ ಮಾತ್ರ ಬೇರೆ.

ಫ್ಲಷ್ ಬಂದ ಮೇಲೆ ಎದುರಾಳಿ ಇನ್ನೂ ಕೊಡುತ್ತಾನಲ್ವಾ ಅಂತ ಕೇಳಬಹುದು. ನಿಜ. ಆದರೆ ಇಲ್ಲಿ ಕಾಲ್ ನಷ್ಟವಾಗಬಾರದು ಅಂದರೆ, ಫ್ಲಷ್ ಬಂದಾಗಲೆಲ್ಲ ಅವನಿಂದ ಸರಾಸರಿ 170 ಚಿಪ್ಸ್ ಆದರೂ ಜಾಸ್ತಿ ಬರಬೇಕು. ಮೂರನೇ ಆಟೀನ್ ಟೇಬಲ್ ಮೇಲೆ ಬಿದ್ದದ್ದು ಅವನಿಗೂ ಕಾಣುತ್ತದೆ! ನೋಡುವ ಚಪಲಕ್ಕೆ ಈ ವಾದವನ್ನು ನೆಪ ಮಾಡಿಕೊಳ್ಳುವವರೇ ಹೆಚ್ಚು.

2. ‘ನಾನು ಹಾಕಿದ್ದು’ ಅನ್ನುವುದನ್ನು ಬಿಡಿ. ಪಾಟ್‌ಗೆ ಹೋದ ಚಿಪ್ಸ್ ಯಾರದೂ ಅಲ್ಲ. ಪಾಟ್ ಎಷ್ಟು ದೊಡ್ಡದು ಅನ್ನುವುದಷ್ಟೇ ಲೆಕ್ಕಕ್ಕೆ ಬರುತ್ತದೆ, ಅದರಲ್ಲಿ ನಿಮ್ಮ ಪಾಲೆಷ್ಟು ಅನ್ನುವುದಲ್ಲ.

3. ಫಲಿತಾಂಶದಿಂದ ನಿರ್ಧಾರವನ್ನು ಅಳೆಯಬೇಡಿ. ಎಲ್ಲಕ್ಕಿಂತ ಕಷ್ಟದ್ದು ಇದೇ. ನೀವು ಫೋಲ್ಡ್ ಮಾಡಿದಿರಿ, ರಿವರ್‌ನಲ್ಲಿ, ಅಂದರೆ ಟೇಬಲ್‌ನ ಕೊನೆಯ ಎಲೆಯಾಗಿ, ಆಟೀನ್ ಬಿತ್ತು. ಛೇ ಅನ್ನಿಸುತ್ತದೆ. ಆದರೆ ಫೋಲ್ಡ್ ಸರಿಯೇ ಇತ್ತು, ಐದರಲ್ಲಿ ಒಂದು ಸಲ ಹೀಗೆ ಆಗಲೇಬೇಕು. ಎರಡು ಎಕ್ಕ ಹಿಡಿದು ಎರಡು ರಾಜನ ಎದುರು ಎಲ್ಲ ಚಿಪ್ಸ್ ಇಟ್ಟವನೂ ಹೆಚ್ಚುಕಡಿಮೆ ಐದರಲ್ಲಿ ಒಂದು ಸಲ ಸೋಲುತ್ತಾನೆ. ಹಾಗಂತ ಅದು ತಪ್ಪು ಆಟವೇ? ತದ್ವಿರುದ್ಧವಾದದ್ದು ಇನ್ನೂ ಅಪಾಯ: ಕೆಟ್ಟ ಕಾಲ್ ಮಾಡಿ ಗೆದ್ದವನು ಅದನ್ನು ತನ್ನ ಜಾಣತನ ಅಂದುಕೊಳ್ಳುತ್ತಾನೆ. ಅನುಮಾನ ಬಂದ ಆಟಗಳನ್ನು ಬರೆದಿಡಿ: ಪಾಟ್ ಎಷ್ಟು, ಬೆಟ್ ಎಷ್ಟು, ಯಾಕೆ ಕಾಲ್ ಮಾಡಿದಿರಿ. ಗೆದ್ದಿರೋ ಸೋತಿರೋ ಬರೆಯಬೇಡಿ. ಮರುದಿನ ಓದಿದರೆ ತಪ್ಪು ಕಣ್ಣಿಗೆ ಬೀಳುತ್ತದೆ.

4. ಏಳುವ ಹೊತ್ತನ್ನು ಕೂರುವ ಮುಂಚೆಯೇ ಗೊತ್ತುಮಾಡಿ. ಗೆದ್ದ ಖುಷಿಗಿಂತ ಅಷ್ಟೇ ಮೊತ್ತ ಸೋತ ನೋವು ಜಾಸ್ತಿ ಅಂತ ಮನೋವಿಜ್ಞಾನಿಗಳಾದ ಡೇನಿಯಲ್ ಕಾನ್ಮನ್ ಮತ್ತು ಏಮಸ್ ಟ್ವೆರ್‌ಸ್ಕಿ 1979ರ ಪ್ರಬಂಧದಲ್ಲಿ ವಿವರಿಸಿದ್ದರು. ನಷ್ಟದಲ್ಲಿ ಇರುವವರು ಅದನ್ನು ತುಂಬಿಸಲು ದೊಡ್ಡ ಅಪಾಯಕ್ಕೂ ಸಿದ್ಧರಾಗುತ್ತಾರೆ ಅಂತಲೂ. ಪೋಕರ್ ಆಡುವವರು ‘ಟಿಲ್ಟ್’ ಅನ್ನುವ, ತಲೆ ಕೆಟ್ಟು ಆಡುವ ಸ್ಥಿತಿ ಬಹಳ ಸಲ ಶುರುವಾಗುವುದು ಇಲ್ಲಿಂದಲೇ. ಆ ಹೊತ್ತಲ್ಲಿ ಮೇಲಿನ ಯಾವ ಲೆಕ್ಕವೂ ತಲೆಗೆ ಹತ್ತುವುದಿಲ್ಲ. ಇಷ್ಟು ಸೋತರೆ ಎದ್ದೇಳುತ್ತೇನೆ ಅಂತ ಮೊದಲೇ ಬರೆದಿಡಿ. ಜೊತೆಯಲ್ಲಿ ಆಡುವ ಸ್ನೇಹಿತರಿಗೂ ಹೇಳಿ. ನೀವು ಮರೆತಂತೆ ಮಾಡಿದರೂ ಅವರು ನೆನಪಿಸುತ್ತಾರೆ.