ಆಡ್ಲರ್ ಪಂಥದ ಸಾಮಾಜಿಕ, ರಾಜಕೀಯ ಬೇರುಗಳನ್ನು ಅರಸುವ ಬಗೆ

ಮನೋಚಿಕಿತ್ಸೆಯ ಪಂಥವೊಂದರ ಬೇರುಗಳನ್ನು ಅರಸುವವರು ಸಿದ್ಧಾಂತಗ್ರಂಥಗಳಿಂದ ಆರಂಭಿಸಬಾರದು. ವೈದ್ಯನ ಬಳಿಗೆ ಯಾರು ಬರುತ್ತಿದ್ದರು ಎಂಬುದರಿಂದ ಆರಂಭಿಸಬೇಕು. 'ವ್ಯಕ್ತಿ ಮನೋವಿಜ್ಞಾನ'ವೆಂಬ ಪಂಥವನ್ನು ಕಟ್ಟಿದ ವೈದ್ಯ ಆಲ್ಫ್ರೆಡ್ ಆಡ್ಲರ್ (1870–1937) ವೃತ್ತಿಯನ್ನು ನಡೆಸಿದ್ದು ವಿಯೆನ್ನಾದ ಲಿಯೋಪೋಲ್ಡ್‌ಸ್ಟಾಟ್‌ನಲ್ಲಿ, ಸಾಮಾನ್ಯ ಜನರ ನಡುವೆ. ದರ್ಜಿಗಳ ಆರೋಗ್ಯವನ್ನು ಕುರಿತ ಅವರ ಕಿರುಪುಸ್ತಕ 1898ರಲ್ಲಿ ಪ್ರಕಟವಾಯಿತು. ಕಾಯಿಲೆಯ ಮೂಲವನ್ನು ಅವರು ಅಲ್ಲಿ ದುಡಿಮೆಯ ಪರಿಸ್ಥಿತಿಯಲ್ಲಿ ಗುರುತಿಸಿದ್ದರು. ಮನೋವಿಶ್ಲೇಷಣೆಯ ಸ್ಥಾಪಕ ಫ್ರಾಯ್ಡ್ ಅವರ ಬಳಗವನ್ನು ಅವರು ಬಿಟ್ಟದ್ದು 1911ರಲ್ಲಿ. ಆದ್ದರಿಂದ, ಫ್ರಾಯ್ಡ್ ಜೊತೆಗಿನ ಜಗಳವೇ ಆಡ್ಲರ್ ಅವರನ್ನು ಸಮಾಜದತ್ತ ತಿರುಗಿಸಿತು ಎಂಬ, ಪಠ್ಯಪುಸ್ತಕಗಳಿಗೆ ಪ್ರಿಯವಾದ ವಿವರಣೆಯನ್ನು ಒಪ್ಪುವ ಮೊದಲು ಈ ಎರಡು ಇಸವಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು.

ಆಮೇಲೆ ಪರಿಕಲ್ಪನೆಗಳ ಕಾಲಕ್ರಮವನ್ನು ರಾಜಕೀಯ ಘಟನೆಗಳೊಂದಿಗೆ ಹೋಲಿಸಬೇಕು. ಸಮುದಾಯ ಭಾವನೆ, ಅಂದರೆ ತಾನು ಇತರರೊಡನೆ ಸೇರಿದವನೆಂಬ ಅರಿವು ಮತ್ತು ಅವರ ಹಿತದ ಕಾಳಜಿ, ಎಂಬ ವಿಚಾರ ಆಡ್ಲರ್ ಅವರ ಬರಹದ ಕೇಂದ್ರಕ್ಕೆ ಬಂದದ್ದು, ಅವರು ಸೇನಾವೈದ್ಯರಾಗಿ ಮೊದಲ ಮಹಾಯುದ್ಧವನ್ನು ಕಂಡ ನಂತರ.

ಹೆಚ್ಚು ಸಮಯವನ್ನು ಮೀಸಲಿಡಬೇಕಾದದ್ದು 1919ರಿಂದ 1934ರವರೆಗಿನ 'ಕೆಂಪು ವಿಯೆನ್ನಾ'ಕ್ಕೆ. ಸಮಾಜವಾದಿ ಪಕ್ಷದವರಾದ ಸೋಷಿಯಲ್ ಡೆಮಾಕ್ರಟರ ಈ ನಗರಾಡಳಿತದಲ್ಲಿ ಶಿಕ್ಷಣ ಸುಧಾರಕ ಓಟೋ ಗ್ಲೋಕೆಲ್ ಶಾಲಾ ಸುಧಾರಣೆಯನ್ನು ಕೈಗೊಂಡಾಗ, ಆಡ್ಲರ್ ಮತ್ತು ಅವರ ಸಹಚರರು ಮಕ್ಕಳಿಗಾಗಿ ಸಲಹಾ ಕೇಂದ್ರಗಳನ್ನು ತೆರೆದರು. ಅಲ್ಲಿ ಮಗುವಿನ ಸಮಸ್ಯೆಯ ಚರ್ಚೆ ಮುಚ್ಚಿದ ಕೋಣೆಯಲ್ಲಲ್ಲ, ಶಿಕ್ಷಕರ ಎದುರಿನಲ್ಲೇ ನಡೆಯುತ್ತಿತ್ತು. ಚಿಕಿತ್ಸೆಯ ಈ ಬಹಿರಂಗ ರೂಪವನ್ನು ಕೇವಲ ತಂತ್ರವೆಂದು ಓದಿದರೆ ಅರ್ಧ ಮಾತ್ರ ತಿಳಿದಂತೆ. ಸಾರ್ವಜನಿಕ ಶಾಲೆಯನ್ನೇ ಬದಲಿಸಲು ಹೊರಟ ಆಡಳಿತವಿಲ್ಲದಿದ್ದರೆ ಅದು ಅಷ್ಟು ವ್ಯಾಪಕವಾಗಿ ಬೇರೂರುವುದು ಕಷ್ಟವಿತ್ತು.

ಹಾಗೆಂದು ಈ ಪಂಥವನ್ನು ಸಮಾಜವಾದದ ವೈದ್ಯಕೀಯ ಶಾಖೆಯೆಂದು ಬರೆದುಬಿಡಬಾರದು. ಒಳಗಿನ ಭಿನ್ನಮತಗಳನ್ನೂ ಹುಡುಕಬೇಕು. ಆಡ್ಲರ್ ಅವರ ಪತ್ನಿ ರೈಸಾ ರಷ್ಯಾದಿಂದ ಬಂದ ಸಮಾಜವಾದಿ, ಕ್ರಾಂತಿಕಾರಿ ಟ್ರಾಟ್‌ಸ್ಕಿ ಕುಟುಂಬದ ಪರಿಚಿತೆ. ಆದರೆ ಆಡ್ಲರ್, ರಷ್ಯಾದಲ್ಲಿ ಕ್ರಾಂತಿಯಿಂದ ಅಧಿಕಾರ ಹಿಡಿದ ಬೋಲ್ಶೆವಿಕರ ಹಿಂಸೆಯನ್ನು ವಿರೋಧಿಸಿದರು. ಆಡ್ಲರ್ ಅನುಯಾಯಿಗಳಾದ ಮಾನೆಸ್ ಸ್ಪೆರ್ಬರ್, ಆಲಿಸ್ ರ‍್ಯೂಲೆ-ಗೆರ್‌ಸ್ಟೆಲ್ ಮೊದಲಾದವರು ಈ ಮನೋವಿಜ್ಞಾನವನ್ನು ಮಾರ್ಕ್ಸ್‌ವಾದದೊಂದಿಗೆ ಬೆಸೆಯಲು ಯತ್ನಿಸಿದರು. ಆ ಬೆಸುಗೆಗೆ ಆಡ್ಲರ್ ಒಪ್ಪಲಿಲ್ಲ, ಸ್ಪೆರ್ಬರ್ ಅವರೊಂದಿಗಿನ ಸಂಬಂಧವೂ ಮುರಿಯಿತು.

ಕೊನೆಯದಾಗಿ, ಪಂಥ ಊರು ಬಿಟ್ಟಾಗ ಏನನ್ನು ಕಳೆದುಕೊಂಡಿತು ಎಂಬುದನ್ನು ಪರೀಕ್ಷಿಸಬೇಕು. 1934ರಲ್ಲಿ ಆಸ್ಟ್ರಿಯಾದ ಚಾನ್ಸೆಲರ್ ಡಾಲ್ಫಸ್ ಅವರ ಸರ್ಕಾರ ಸೋಷಿಯಲ್ ಡೆಮಾಕ್ರಟರನ್ನು ಹತ್ತಿಕ್ಕಿದ ಮೇಲೆ ಆ ಕೇಂದ್ರಗಳು ಮುಚ್ಚಿದವು. ಅಮೆರಿಕದಲ್ಲಿ, ವಿಶೇಷವಾಗಿ ಷಿಕಾಗೋಗೆ ವಲಸೆ ಹೋದ ಆಡ್ಲರ್ ಶಿಷ್ಯ ರುಡಾಲ್ಫ್ ಡ್ರೈಕರ್ಸ್ ಅವರ ಕೈಯಲ್ಲಿ, ಅದೇ ವಿಚಾರಗಳು ಪೋಷಕರಿಗೂ ಶಿಕ್ಷಕರಿಗೂ ನೀಡುವ ಮಾರ್ಗದರ್ಶನವಾಗಿ ಹೆಸರಾದವು. ಇಂದಿನ ಶಿಶುಪಾಲನೆಯ ಕೈಪಿಡಿಗಳಲ್ಲಿ ಆಡ್ಲರ್ ಹೆಸರನ್ನು ಕಂಡವರು, ಅಲ್ಲಿ ದುಡಿಮೆ, ವಸತಿ, ನಗರಾಡಳಿತದ ಪ್ರಸ್ತಾಪ ಎಷ್ಟಿದೆಯೆಂದು ಪುಟ ಪುಟವಾಗಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು.