ಹರಿದು ಹಾಕಿದ 50 ಪೈಸೆಯ ಕಾರ್ಡು

ಕಾರವಾರದಲ್ಲಿರುವ ಭಾವನಿಗೂ ಶಿರಸಿಯಲ್ಲಿರುವ ನನಗೂ ಅಂಚೆ ಕಾರ್ಡಿನಲ್ಲಿ ಚೆಸ್ ನಡೆಯುತ್ತದೆ. ಫೋನಿನಲ್ಲೇ ಆಡಬಹುದಲ್ವಾ ಅಂತ ಮನೆಯವರು ನಗುತ್ತಾರೆ. ಆಡಬಹುದು. ಆದರೆ ಒಂದು ನಡೆಯನ್ನು ನಾಲ್ಕು ದಿನ ತಲೆಯಲ್ಲಿಟ್ಟುಕೊಂಡು ಅಡಿಕೆ ತೋಟ ಸುತ್ತುವ ಸುಖ ಬೇರೆ. ಕಂಪ್ಯೂಟರ್ ನೋಡಬಾರದು ಅಂತ ಮಾತಾಗಿದೆ.

ನಡೆ ಬರೆಯುವುದು ನಂಬರಿನಲ್ಲಿ. 5254 ಅಂದರೆ, ಬಿಳಿಯವನ ಎಡಗಡೆಯಿಂದ ಐದನೇ ಸಾಲಿನ ಎರಡನೇ ಮನೆಯ ಕಾಯಿ ಅದೇ ಸಾಲಿನ ನಾಲ್ಕನೇ ಮನೆಗೆ. ಯಾವ ದೇಶದವನಿಗೂ ಅರ್ಥವಾಗುತ್ತದೆ.

ಈ ಸಲ ಭಾವ ಬಿಳಿ. 5254ಕ್ಕೆ ನಾನು 5755. ಅವನ ಕುದುರೆ 7163, ನನ್ನ ಕುದುರೆ 7866. ಆಟ ಹೀಗೆ ಶುರುವಾದರೆ ಅದು ಪೆಟ್ರೋವ್ ಡಿಫೆನ್ಸ್. 19ನೇ ಶತಮಾನದ ರಷ್ಯಾದ ಆಟಗಾರನ ಹೆಸರು. ಸಪ್ಪೆ ಅಂತ ಬೈಯುವವರೇ ಜಾಸ್ತಿ.

ಮೂರನೇ ಕಾರ್ಡಿನಲ್ಲಿ ಅವನ ಕುದುರೆ 6355, ನನ್ನ ಕಾಲಾಳು ಹೋಯಿತು. ನಾನೂ ತಿನ್ನುತ್ತೇನೆ ಅಂತ 6654 ಬರೆದುಬಿಟ್ಟೆ. ಚಪ್ಪಲಿ ಹಾಕುವ ಮೊದಲು ಸುಮ್ನೆ ಮಣೆ ನೋಡಿದೆ. ಅವನ ಮಂತ್ರಿ ರಾಜನ ಮುಂದಿನ ಮನೆಗೆ ಬಂದರೆ? ನಾನು ಕುದುರೆ ಹಿಂದೆ ತಂದರೆ, ಅವನ ಕುದುರೆ 5536 ಹಾರುತ್ತದೆ. ದಾರಿ ತೆರೆದು ಮಂತ್ರಿಯಿಂದ ನನ್ನ ರಾಜನಿಗೆ ಚೆಕ್, ಕುದುರೆಯ ಬಾಯಿಗೆ ನನ್ನ ಮಂತ್ರಿ! ಹಿಂದೆ ತರದಿದ್ದರೂ ಒಂದು ಕಾಲಾಳು ನಷ್ಟ. ಕಾರ್ಡು ಹರಿದೆ. ಹೊಸದರಲ್ಲಿ 4746 ಬರೆದು ಮೊದಲು ಅವನ ಕುದುರೆಯನ್ನು ಓಡಿಸಿದೆ. ಮುಂದಿನ ಕಾರ್ಡಿನಲ್ಲಿ ಅದೇ 6654 ಹಾಕಿದೆ. ಈಗ ಅದೇ ಸರಿಯಾದ ನಡೆ.

ಅವನು ಮಂತ್ರಿ ತಂದ, ನಾನೂ ತಂದೆ. ಎಂಟನೇ ನಡೆಗೆ ಮಂತ್ರಿಗಳಿಬ್ಬರೂ ಡಬ್ಬಿಯೊಳಗೆ. ಅವನಿಗೆ ಏಳು ಕಾಲಾಳು, ನನಗೂ ಏಳು, ಅವೂ ಎದುರುಬದುರು ಅದೇ ಸಾಲುಗಳಲ್ಲಿ. ದೇವಿಮನೆ ಘಾಟಿನಲ್ಲಿ ಗುಡ್ಡ ಕುಸಿದಾಗ ಎರಡು ವಾರ ಕಾರ್ಡೇ ಇಲ್ಲ. ಆಮೇಲೆ ಬಂದದ್ದರ ಮೂಲೆಯಲ್ಲಿ, 'ಕೊಳೆಮದ್ದು ಹೊಡೆಸಿ ಆಯ್ತಾ?'

ನಡುವೆ ಇರುವ ಒಂದೇ ತೆರೆದ ಸಾಲಿನಲ್ಲಿ ಆನೆಗಳೆಲ್ಲ ಹೊಡೆದಾಡಿಕೊಂಡು ಹೋದವು. ಕುದುರೆಗಳೂ ಹೋದವು. ಕೊನೆಗೆ ಅವನ ಒಂಟೆ ಬಿಳಿ ಮನೆಗಳದ್ದು, ನನ್ನದು ಕಪ್ಪು ಮನೆಗಳದ್ದು. ಒಂದು ಇನ್ನೊಂದನ್ನು ಮುಟ್ಟುವ ಹಾಗೇ ಇಲ್ಲ. ಅವನು ದಾಟಿಸಲು ಹೊರಟ ಕಾಲಾಳನ್ನು ನಾನು ಕಪ್ಪು ಮನೆಯಲ್ಲಿ ತಡೆದರೆ ಮುಗಿಯಿತು.

ಕೊನೆಕೊಯ್ಲಿನ ಹೊತ್ತಿಗೆ 24ನೇ ನಡೆಯ ಕಾರ್ಡು ಬಂತು. ನಂಬರಿನ ಕೆಳಗೆ, 'ಇನ್ನೆಂತ ಇದ್ದು ಭಾವ? ಡ್ರಾ?' ನಾನು 'ಡ್ರಾ' ಅಂತ ಬರೆದು, ಉಳಿದ ಜಾಗದಲ್ಲಿ 5254 ಅಂತ ಸೇರಿಸಿದೆ. ಈಗ ಬಿಳಿ ನನ್ನದು.