ಮೊದಲು ಮುಖ ಅಳಿಸಿ, ಆಮೇಲೆ ಬ್ಲರ್ ಮಾಡಿ: ನನ್ನ ಅನುಭವ

ಕಳೆದ ಮಳೆಗಾಲದಲ್ಲಿ ಒಂದು ಸ್ವಯಂಸೇವಾ ಸಂಸ್ಥೆಗಾಗಿ 18 ನಿಮಿಷದ ಸಾಕ್ಷ್ಯಚಿತ್ರವನ್ನು ಎಡಿಟ್ ಮಾಡಿಕೊಟ್ಟೆ. ಇಟ್ಟಿಗೆ ಭಟ್ಟಿಯಿಂದ ಬಿಡುಗಡೆಯಾಗಿ ಬಂದ ನಾಲ್ವರು ಮಕ್ಕಳು ಅದರಲ್ಲಿ ಮಾತನಾಡುತ್ತಾರೆ. ಇಂಥ ಮಕ್ಕಳ ಹೆಸರು, ವಿಳಾಸ, ಶಾಲೆ, ಗುರುತು ಹತ್ತುವ ಬೇರೆ ಯಾವುದೇ ವಿವರವನ್ನು ಬಹಿರಂಗಪಡಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ನಿಷೇಧಿಸುತ್ತದೆ. ಮೀರಿದವರಿಗೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಆದ್ದರಿಂದ ಮುಖ ಮರೆಸುವುದು ಆ ಚಿತ್ರಕ್ಕೆ ಅಲಂಕಾರವಾಗಿರಲಿಲ್ಲ, ಅದೇ ಮುಖ್ಯ ಕೆಲಸವಾಗಿತ್ತು.

ದಾವಣಗೆರೆಯಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವ ನನ್ನ ಗೆಳೆಯರೆಲ್ಲ ಇದು ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿಯಲ್ಲಿ ಆಗುವ ಕೆಲಸವಲ್ಲ, ವ್ಯಕ್ತಿಯನ್ನು ತಾನೇ ಗುರುತಿಸಿ ಬೇರ್ಪಡಿಸುವ ಮ್ಯಾಜಿಕ್ ಮಾಸ್ಕ್ ಇರುವ ಸ್ಟುಡಿಯೊ ಆವೃತ್ತಿಯನ್ನು 295 ಡಾಲರ್ ಕೊಟ್ಟು ಕೊಳ್ಳಲೇಬೇಕು ಎಂದರು. ಇಡೀ ಎಡಿಟಿಂಗಿಗೆ ನನಗೆ ಒಪ್ಪಿಕೊಂಡಿದ್ದ ಮೊತ್ತ 45 ಸಾವಿರ. ಮುಖ ಮರೆಸುವ ಕೆಲಸವೊಂದಕ್ಕೇ ಬೆಂಗಳೂರಿನ ಒಂದು ಸ್ಟುಡಿಯೊದವರು 70 ಸಾವಿರದ ಹತ್ತಿರ ಕೇಳಿದರು. ಮುಖಗಳು ತೆರೆಯ ಮೇಲಿರುವ ಅವಧಿ ಸುಮಾರು ಹನ್ನೊಂದು ನಿಮಿಷ. ಸೆಕೆಂಡಿಗೆ 25 ಫ್ರೇಮಿನಂತೆ (ಫ್ರೇಮ್ ಎಂದರೆ ವಿಡಿಯೊದ ಒಂದು ಬಿಡಿ ಚಿತ್ರ) ಹದಿನಾರು ಸಾವಿರಕ್ಕೂ ಮೇಲೆ. ನಾನೇ ಮಾಡಲು ಕುಳಿತೆ.

ಮೊದಲ ಸಲ ಎಲ್ಲರಂತೆ ಮುಖದ ಮೇಲೆ ದುಂಡು ವಿಂಡೋ (ಒಳಗಿನ ಭಾಗವನ್ನಷ್ಟೇ ಬದಲಿಸುವ ಚೌಕಟ್ಟು) ಇಟ್ಟು, ಅದು ಮುಖದ ಜೊತೆಗೇ ಚಲಿಸುವಂತೆ ಟ್ರ್ಯಾಕ್ ಮಾಡಿ, ಚಿತ್ರವನ್ನು ದೊಡ್ಡ ಚೌಕಗಳಾಗಿ ಒಡೆಯುವ ಮೊಸಾಯಿಕ್ ಹಾಕಿದೆ. ನನ್ನ ಮಾನಿಟರಿನಲ್ಲಿ ಚೌಕಗಳ ಹೊರತು ಏನೂ ಕಾಣುತ್ತಿರಲಿಲ್ಲ. ಸಂಸ್ಥೆಯ ಸಭಾಂಗಣದಲ್ಲಿ ಪ್ರೊಜೆಕ್ಟರಿಗೆ ಹಾಕಿ ತೋರಿಸಿದಾಗ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ಅವರ ಜೀಪಿನ ಚಾಲಕರು ಎರಡನೆಯ ಹುಡುಗನನ್ನು ಕಂಡ ಕೂಡಲೇ ಹೆಸರು ಹಿಡಿದು ಹೇಳಿಬಿಟ್ಟರು. ಅವರು ಆ ಹುಡುಗನನ್ನು ನೋಡಿದ್ದು ಎರಡೇ ದಿನ. ಆ ಕ್ಷಣ ನನಗೆ ಕೈಕಾಲು ತಣ್ಣಗಾದವು.

ಮನೆಗೆ ಬಂದವನೇ ನನ್ನ ತಮ್ಮನನ್ನು ಅಂಗಳದಲ್ಲಿ ನಡೆಸಿ, ಚಿತ್ರೀಕರಿಸಿ, ಅದೇ ಮೊಸಾಯಿಕ್ ಹಾಕಿ ಟಿವಿಯಲ್ಲಿ ಓಡಿಸಿದೆ. ಅಡುಗೆಮನೆಯ ಬಾಗಿಲಲ್ಲೇ ನಿಂತ ಅಮ್ಮ ಕಣ್ಣು ಕಿರಿದು ಮಾಡಿ, "ಇವ ನಮ್ಮ ಸಣ್ಣಾವ ಅಲ್ಲೇನು? ಮುಖಕ್ಕೇನು ಮಾಡೀಯಪ್ಪ?" ಎಂದರು. ದೂರ ಹೋದಷ್ಟೂ ಚೌಕಗಳ ಅಂಚು ಕರಗಿ ಮುಖ ಕೂಡಿಕೊಳ್ಳುತ್ತದೆ. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಲಿಯಾನ್ ಹಾರ್ಮನ್ ಲಿಂಕನ್ನರ ಭಾವಚಿತ್ರವನ್ನು ಚೌಕಗಳಾಗಿ ಒಡೆದು ಇದನ್ನೇ 1973ರಷ್ಟು ಹಿಂದೆಯೇ ತೋರಿಸಿದ್ದರು. ಅಷ್ಟಕ್ಕೇ ಬಿಡದೆ, ತಮ್ಮನ ಕ್ಲಿಪ್ಪಿನಿಂದ ನಲವತ್ತು ಫ್ರೇಮುಗಳನ್ನು ಹೊರತೆಗೆದು, ತಲೆಯ ಮೇಲೆ ತಲೆ ಕೂರುವಂತೆ ಸರಿಸಿ ಜೋಡಿಸಿ, ಅವುಗಳ ಸರಾಸರಿ ತೆಗೆದೆ. ಚೌಕಗಳು ನಿಂತಲ್ಲೇ ನಿಂತಿರುತ್ತವೆ, ಮುಖ ಅವುಗಳ ಹಿಂದೆ ಸರಿಯುತ್ತಿರುತ್ತದೆ. ಹೀಗಾಗಿ ಪ್ರತಿ ಫ್ರೇಮೂ ಮುಖದ ಬಗ್ಗೆ ಸ್ವಲ್ಪ ಹೊಸ ಮಾಹಿತಿಯನ್ನು ಹೊತ್ತು ತರುತ್ತದೆ. ನಲವತ್ತು ಕೂಡಿದಾಗ ತಮ್ಮನ ಕನ್ನಡಕದ ಚೌಕಟ್ಟೂ ಮೀಸೆಯ ಗೆರೆಯೂ ಎದ್ದು ಬಂದವು. ಒಂದು ಸಂಜೆಯಲ್ಲಿ ನನ್ನಿಂದಲೇ ಇಷ್ಟಾದರೆ, ಹುಡುಕಲೆಂದೇ ಕುಳಿತವರಿಗೆ ಎಷ್ಟು ಹೊತ್ತು?

ಆ ರಾತ್ರಿ ನನಗೆ ಸ್ಪಷ್ಟವಾದದ್ದು ಇಷ್ಟು: ಮೊಸಾಯಿಕ್ ಆಗಲಿ, ಮಸುಕಾಗಿಸುವ ಬ್ಲರ್ ಆಗಲಿ ಮುಖವನ್ನು ಕಲಸುತ್ತದೆಯೇ ಹೊರತು ತೆಗೆದುಹಾಕುವುದಿಲ್ಲ. ಆದ್ದರಿಂದ ಮೊದಲು ಮುಖವನ್ನು ಪೂರ್ತಿ ಅಳಿಸಬೇಕು, ಬ್ಲರ್ ಅನ್ನು ಅದರ ಮೇಲಿನ ಹೊದಿಕೆಯಾಗಿ ಮಾತ್ರ ಬಳಸಬೇಕು. ಗೆಳೆಯರಿಗೆ ಹೇಳಿದಾಗ, ಮುಖದ ಜಾಗದಲ್ಲಿ ಬಣ್ಣದ ಬಿಲ್ಲೆ ಅಂಟಿಸಿದಂತೆ ಅಸಹ್ಯವಾಗಿ ಕಾಣುತ್ತದೆ ಎಂದರು. ಮೊದಲ ಆರು ರಾತ್ರಿ ಅವರ ಮಾತೇ ನಿಜವಾಗಿತ್ತು.

ಈಗ ನಾನು ಮಾಡುವುದು ಹೀಗೆ. ರಿಸಾಲ್ವ್‌ನ ಕಲರ್ ಪುಟದಲ್ಲಿ ಮೊದಲ ನೋಡ್‌ಗೆ (ನೋಡ್ ಎಂದರೆ ಚಿತ್ರವನ್ನು ತಿದ್ದುವ ಒಂದು ಹಂತ) ಕಿವಿ ಮತ್ತು ಕೂದಲಿನ ಅಂಚು ಸೇರುವಂತೆ, ಮುಖಕ್ಕಿಂತ ಸುಮಾರು ಮೂರನೇ ಒಂದು ಪಾಲು ದೊಡ್ಡದಾದ ವಿಂಡೋ ಇಡುತ್ತೇನೆ. ಅದರ ಸಾಫ್ಟ್‌ನೆಸ್ (ಅಂಚಿನ ಮೃದುತ್ವ) ಸೊನ್ನೆ. ಇಲ್ಲಿ ಎಷ್ಟೇ ಸಣ್ಣ ಸಾಫ್ಟ್‌ನೆಸ್ ಕೊಟ್ಟರೂ ಅಂಚಿನಲ್ಲಿ ಅಸಲಿ ಮುಖ ಸೋರುತ್ತದೆ, ನಾನು ಎರಡು ದಿನ ಕಳೆದುಕೊಂಡದ್ದು ಈ ತಪ್ಪಿನಿಂದಲೇ. ನಂತರ ಬಣ್ಣಗಳ ಪ್ರಮಾಣವನ್ನು ಏರಿಳಿಸುವ ಗೆರೆಗಳಾದ ಕಸ್ಟಮ್ ಕರ್ವ್‌ಗಳ ಕೊಂಡಿ ಬಿಡಿಸಿ, ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆಬೇರೆಯಾಗಿ ಎಡದ ತುದಿಯಿಂದ ಬಲದ ತುದಿಯವರೆಗೆ ಚಪ್ಪಟೆ ಗೆರೆ ಮಾಡುತ್ತೇನೆ; ಕೆಂಪು ಮೇಲೆ, ಹಸಿರು ಅದರ ಕೆಳಗೆ, ನೀಲಿ ಎಲ್ಲಕ್ಕಿಂತ ಕೆಳಗೆ. ಎಷ್ಟೆಷ್ಟು ಎತ್ತರ ಎಂಬುದನ್ನು ಆ ಮಗುವಿನ ಕುತ್ತಿಗೆಯ ಬಣ್ಣ ನೋಡಿ ಹೊಂದಿಸುತ್ತೇನೆ. ಅಲ್ಲಿಗೆ ವಿಂಡೋದೊಳಗಿನ ಪ್ರತಿ ಪಿಕ್ಸೆಲ್ಲೂ ಒಂದೇ ಬಣ್ಣವಾಗುತ್ತದೆ, ಹಿಂದಕ್ಕೆ ತರಲು ಒಳಗೆ ಏನೂ ಉಳಿದಿರುವುದಿಲ್ಲ. ಎರಡನೆಯ ನೋಡ್‌ನಲ್ಲಿ ಇನ್ನೂ ದೊಡ್ಡ ವಿಂಡೋ, ಧಾರಾಳ ಸಾಫ್ಟ್‌ನೆಸ್, ಬ್ಲರ್ ರೇಡಿಯಸ್ ಹೆಚ್ಚುಕಡಿಮೆ ತುದಿಯವರೆಗೆ. ಬಿಲ್ಲೆಯ ಅಂಚು ಇಲ್ಲಿ ಕರಗಿ, ನೋಡುವವರಿಗೆ ಮಾಮೂಲಿ ಬ್ಲರ್‌ನಂತೆಯೇ ಕಾಣುತ್ತದೆ.

ಅಷ್ಟಾದರೂ ಮುಖ ಬಲೂನಿನಂತೆ ಸಪ್ಪೆಯಾಗಿರುತ್ತದೆ. ಕಿಟಕಿಯ ಕಡೆಯ ಕೆನ್ನೆಯಲ್ಲಿ ಬೆಳಕು, ಇನ್ನೊಂದು ಕಡೆ ನೆರಳು ಬರುವಂತೆ ಮಾಡುವ ಮೂರನೆಯ ನೋಡ್ ಒಂದಿದೆ. ಬೆಳಕು ಒಂದು ಪಕ್ಕದಿಂದ ಬೀಳುತ್ತಿದೆ ಎಂದು ಕಣ್ಣು ನಂಬಿತೆಂದರೆ ಬಿಲ್ಲೆ ತಲೆಯಾಗುತ್ತದೆ ಎಂಬಷ್ಟನ್ನು ಹೇಳಬಲ್ಲೆ. ಅದರೊಳಗೆ ಏನಿದೆ ಎಂಬುದು ಆರು ರಾತ್ರಿಗಳ ದುಡಿಮೆಯಾದ್ದರಿಂದ ಸದ್ಯಕ್ಕೆ ನನ್ನಲ್ಲೇ ಇರಲಿ.

ಇನ್ನು ಟ್ರ್ಯಾಕಿಂಗ್ ವಿಷಯ. ಚಿಕ್ಕ ಹುಡುಗ ಟವೆಲಿನಿಂದ ಮುಖ ಒರೆಸಿಕೊಳ್ಳುವ ಒಂದು ಶಾಟ್ ಮಾತ್ರ ಹೆಚ್ಚು ಸತಾಯಿಸಿತು. ಟ್ರ್ಯಾಕರ್ ಟವೆಲಿನ ಹಿಂದೆಯೇ ಹೋಗಿ ಮಡಿಲಿನಲ್ಲಿ ಕುಳಿತುಬಿಡುತ್ತಿತ್ತು. ಕೊನೆಗೆ, ವಿಂಡೋವನ್ನು ಫ್ರೇಮಿನಿಂದ ಫ್ರೇಮಿಗೆ ಬೇರೆಯಾಗಿ ಇಡಲು ಬಿಡುವ ಫ್ರೇಮ್ ಮೋಡ್‌ಗೆ ಬದಲಿಸಿ, ನಾಲ್ಕು ಫ್ರೇಮಿಗೊಮ್ಮೆ ಕೈಯಿಂದಲೇ ವಿಂಡೋ ಸರಿಸಿದೆ. ಒಂಬತ್ತು ಸೆಕೆಂಡಿನ ಆ ಶಾಟಿಗೆ ಬೆಳಗಿನ ಜಾವ ಮೂರಾಯಿತು. ನನ್ನ ಹಳೆಯ ಗ್ರಾಫಿಕ್ಸ್ ಕಾರ್ಡಿನಲ್ಲಿದ್ದದ್ದು 4 ಜಿಬಿ ಮೆಮೊರಿ. ಜಿಪಿಯು ಮೆಮೊರಿ ತುಂಬಿದೆ ಎಂಬ ಸೂಚನೆ ಹತ್ತು ನಿಮಿಷಕ್ಕೊಮ್ಮೆ ಬರತೊಡಗಿದಾಗ, ಬಳಸಿದ 8 ಜಿಬಿ ಕಾರ್ಡೊಂದನ್ನು ಸುಮಾರು 14 ಸಾವಿರಕ್ಕೆ ತಂದೆ.

ಎಲ್ಲ ಮುಗಿಯಿತೆಂದು ರೆಂಡರ್ ಮಾಡಿ (ಅಂತಿಮ ವಿಡಿಯೊ ಫೈಲ್ ತಯಾರಿಸಿ), ಕಳಿಸುವ ಮುನ್ನ ಬಾಣದ ಗುಂಡಿ ಒತ್ತುತ್ತ ಒಂದೊಂದೇ ಫ್ರೇಮ್ ನೋಡುವಾಗ, ಒಂದು ಡಿಸಾಲ್ವ್‌ನ (ಒಂದು ಶಾಟ್ ಕರಗಿ ಇನ್ನೊಂದಾಗುವ ಜಾಗ) ನಡುವೆ ಹುಡುಗಿಯ ಎಡಗೆನ್ನೆ ಮತ್ತು ಕಣ್ಣು ತೆರೆದೇ ಕಂಡವು. ಆಮೇಲೆ ಕಾರಣ ತಿಳಿಯಿತು. ಟ್ರ್ಯಾಕ್ ಆಗಿದ್ದುದು ಕಟ್‌ವರೆಗೆ ಮಾತ್ರ. ಆಮೇಲೆ ನಾನು ಸೇರಿಸಿದ 24 ಫ್ರೇಮಿನ ಡಿಸಾಲ್ವ್ ಕ್ಲಿಪ್ಪನ್ನು ಕಟ್‌ನಾಚೆಗೆ ಹನ್ನೆರಡು ಫ್ರೇಮ್ ಎಳೆದಿತ್ತು. ಆ ಹನ್ನೆರಡರಲ್ಲಿ ವಿಂಡೋ ಕೊನೆಯ ಜಾಗದಲ್ಲೇ ನಿಂತಿತ್ತು, ಅವಳು ತಲೆ ತಿರುಗಿಸಿದ್ದಳು. ಅರ್ಧ ಸೆಕೆಂಡೂ ಇಲ್ಲದ ಆ ಜಾಗದಲ್ಲಿ ಯಾರಾದರೂ ವಿಡಿಯೊ ನಿಲ್ಲಿಸಿದ್ದರೆ ಸಾಕಿತ್ತು. ಅಂದಿನಿಂದ ಪ್ರತಿ ಕ್ಲಿಪ್ಪನ್ನೂ ಎರಡೂ ಬದಿಗೆ ಒಂದೊಂದು ಸೆಕೆಂಡ್ ಉದ್ದ ಮಾಡಿಕೊಂಡು, ಟ್ರ್ಯಾಕ್ ಮಾಡಿ, ಆಮೇಲೆ ಕತ್ತರಿಸುತ್ತೇನೆ. ಅದೇ ತಪಾಸಣೆಯಲ್ಲಿ ಸ್ಟೀಲ್ ಕೊಡದ ಹೊಟ್ಟೆಯಲ್ಲಿ ಒಬ್ಬನ ಮುಖದ ಪ್ರತಿಬಿಂಬವೂ, ಗೋಡೆಯ ಮೇಲೆ ಶಾಲೆಯ ಹೆಸರಿನ ಅರ್ಧ ಭಾಗವೂ ಸಿಕ್ಕವು. ಅವಕ್ಕೂ ಇದೇ ಉಪಚಾರವಾಯಿತು. ಸಂಸ್ಥೆಗೆ ರೆಂಡರ್ ಆದ ಫೈಲ್ ಮಾತ್ರ ಕೊಟ್ಟೆ, ಈ ಮರೆಯನ್ನು ತೆಗೆದು ನೋಡಬಹುದಾದ ಪ್ರಾಜೆಕ್ಟ್ ಕೊಡಲಿಲ್ಲ.

ಎರಡನೆಯ ಪ್ರದರ್ಶನ ಅದೇ ಸಭಾಂಗಣದಲ್ಲಿ, ಅದೇ ಪ್ರೊಜೆಕ್ಟರಿನಲ್ಲಿ ನಡೆಯಿತು. ಚಾಲಕರನ್ನು ನಾನೇ ಕರೆದು ಹಿಂದಿನ ಸಾಲಿನಲ್ಲಿ ಕೂರಿಸಿದೆ. ಎರಡನೆಯ ಹುಡುಗ ಬಂದ, ಮಾತನಾಡಿದ, ಎದ್ದು ಹೋದ. ಮುಗಿದ ಮೇಲೆ ಅವರು, "ಆ ಹುಡುಗನ್ನ ಈ ಸಲ ತೆಗೆದುಬಿಟ್ರಾ ಸರ್?" ಎಂದು ಕೇಳಿದರು. ಅಷ್ಟು ಸಂತೋಷ ನನಗೆ ಯಾವ ಮದುವೆ ಆಲ್ಬಂ ಕೊಟ್ಟಾಗಲೂ ಆಗಿಲ್ಲ.

ಒಟ್ಟು ಹತ್ತೊಂಬತ್ತು ರಾತ್ರಿಗಳು. ಕಾರ್ಡು, ಓಡಾಟ ಕಳೆದು ಕೈಗೆ ಉಳಿದದ್ದು 28 ಸಾವಿರದಷ್ಟು. ಆ ಮೂರು ನೋಡ್‌ಗಳನ್ನು ಬೇರೆ ಪ್ರಾಜೆಕ್ಟಿಗೂ ಹಾಕಬಹುದಾದ ಪವರ್‌ಗ್ರೇಡ್ ಆಗಿ ಉಳಿಸಿಕೊಂಡಿರುವುದರಿಂದ, ಎರಡು ವಾರದ ಹಿಂದೆ ಬಂದ ಇನ್ನೊಂದು ಸಂಸ್ಥೆಯ ಏಳು ನಿಮಿಷದ ಚಿತ್ರವನ್ನು ನಾಲ್ಕೇ ರಾತ್ರಿಯಲ್ಲಿ ಮುಗಿಸಿದೆ. ಈ ಸಲ ದರ ಮಾತನಾಡಿದ್ದು ಚಿತ್ರದ ಉದ್ದಕ್ಕಲ್ಲ, ಮುಖ ತೆರೆಯ ಮೇಲಿರುವ ನಿಮಿಷಗಳ ಲೆಕ್ಕಕ್ಕೆ.